ತಿರುಗಿ ಬಿದ್ದ ಮೊಳೆ

ನಮ್ಮಲ್ಲಿ ಮನೆತನದ ಹೆಸರು ಮೊದಲು, ತನ್ನದು ಆಮೇಲೆ.
ಲೊಶೊಂಟ್ಸಿ ಆರ್ಮಿನ್. ಹದಿಮೂರು ಮೊಳೆ,
ನಡುವೆ ಒಂದು ಖಾಲಿ ಸೀಸ.
ಇಪ್ಪತ್ತೆಂಟು ವರ್ಷ ಆ ಹೆಸರನ್ನು ನಾನು
ತಲೆಕೆಳಗಾಗಿಯೇ ಓದಿದೆ, ಕನ್ನಡಿಯೊಳಗಿನ ಹಾಗೆ;
ನೆಟ್ಟಗೆ ಓದಿದ್ದು ಒಮ್ಮೆ, ಕಲ್ಲಿನ ಮೇಲೆ.

ತಿಸಾ ನದಿಯ ಮೆಟ್ಟಿಲ ಬಳಿ ನಮ್ಮ ಅಚ್ಚುಕೂಟ.
ಮದುವೆಯ ಕರೆಯೋಲೆ, ಮೆಣಸಿನಪುಡಿ ಪೊಟ್ಟಣದ ಚೀಟಿ,
ಸತ್ತವರಿಗೆ ಕಪ್ಪಂಚಿನ ಕಾಗದ.
ವರ್ಷಕ್ಕೆರಡು ಸಲ ಗಣಿತದ ಪತ್ರಿಕೆ,
ಗಂಡಸರು ಮುಟ್ಟುತ್ತಿರಲಿಲ್ಲ ಅದನ್ನು.
ಹುಡುಗಿಯ ಬೆರಳು ಸಣ್ಣ, ಅಂದರು. ನನ್ನ ಪಾಲಿಗೆ ಬಂತು.

ಮೊದಲ ದಿನ ಬಂದವರು ಟೋಪಿ ತೆಗೆಯಲು ಮರೆತರು.
ಜೇಬಿನಲ್ಲಿ ಗಸಗಸೆ ರೊಟ್ಟಿಯ ತುಂಡು,
ಹಸ್ತಪ್ರತಿಯ ತುಂಬ ಗಸಗಸೆ.
ಇದು ಬಿಂದುವೋ ಕಾಳೋ, ಕೇಳಿದೆ.
ಬಗ್ಗಿ ನೋಡಿ, ಬೆರಳಿಗಂಟಿಸಿ, ನಾಲಗೆಗೆ ಹಚ್ಚಿ
"ಕಾಳು" ಅಂದರು.

ಯೂನಿವರ್ಸಿಟಿಯಲ್ಲಿ ಅವರ ಮತದವರು
ನೂರಕ್ಕೆ ಆರು, ಅಷ್ಟೇ ಎಂದಿತ್ತು ಕಾನೂನು.
ಇವರು ಏಳನೆಯವರು.
ಎಲ್ಲೋ ಹೊರದೇಶದಲ್ಲಿ ಓದಿ ಬಂದು
ಹುಡುಗಿಯರ ಶಾಲೆಯಲ್ಲಿ ಬಡ್ಡಿ ಲೆಕ್ಕ ಕಲಿಸಿದರು.
ರಾತ್ರಿ, ಹಿಟ್ಟಿನಂಗಡಿ ಬಿಲ್ಲುಗಳ ಬೆನ್ನ ಮೇಲೆ,
ಸಣ್ಣದಕ್ಕಿಂತ ಸಣ್ಣದು ಎಷ್ಟು ಸಣ್ಣ ಎಂದು ಬರೆದರು.
ನಮ್ಮ ಪೆಟ್ಟಿಗೆಯಲ್ಲಿ ಎಪ್ಸಿಲಾನ್ ಮುಗಿದೇಹೋಯಿತು.
ಮೂರರ ಅಂಕಿಯನ್ನೇ ತಲೆಕೆಳಗು ನಿಲ್ಲಿಸಿದೆ.
ಕರಡು ನೋಡಿ ನಕ್ಕರು:
"ಲೈಪ್‌ಜಿಗ್‌ನಿಂದ ಬರುವ ತನಕ ಪಾಪ, ಮೂರು ಶೀರ್ಷಾಸನ ಹಾಕಲಿ."

ಮೂವತ್ತೇಳರ ಚಳಿ. ಬೆರಳು ಸತ್ತಿತ್ತು.
ಒಂದು ಮೊಳೆ ತಿರುಗಿ ಬಿತ್ತು, ಒಂದೇ ಒಂದು.
ಎಡಕ್ಕೆ ಕೊಕ್ಕು ಚಾಚಿದ್ದ ಹಕ್ಕಿ ಬಲಕ್ಕೆ ನೋಡಿತು.
"ಒಂದಕ್ಕಿಂತ ಚಿಕ್ಕದಿದ್ದರೆ" ಎಂಬ ಷರತ್ತು
"ದೊಡ್ಡದಿದ್ದರೆ" ಎಂದು ಅಚ್ಚಾಗಿ ಊರೂರು ಸುತ್ತಿತು.
ಪ್ರಾಗ್‌ನಿಂದ ಯಾರೋ ಬರೆದರು:
ನಿಮ್ಮ ಸಾಧನೆ ಇಷ್ಟಕ್ಕೆ ಸಾಲದು, ಅಥವಾ ನಾನು ಕುರುಡ.

ಏಪ್ರನ್ ಬಿಚ್ಚಿ ಮಡಿಸಿಟ್ಟು ಕಾದಿದ್ದೆ.
ಬಂದರು. ಮೂರು ದಿನದ ಗಡ್ಡ.
"ಎತೆಲ್ಕಾ, ನಾನು ಬರೆದದ್ದು ಸರಿ.
ಅದರಲ್ಲಿ ಇನ್ನೇನೂ ಉಳಿದಿಲ್ಲ.
ನೀನು ಜೋಡಿಸಿದ್ದು ನಿಜವೋ ಸುಳ್ಳೋ
ನನಗೆ ಗೊತ್ತಾಗುತ್ತಿಲ್ಲ."
ಇಷ್ಟು ಮೆಲ್ಲಗೆ ಯಾರೂ ನನ್ನನ್ನು ಬೈದಿರಲಿಲ್ಲ.
ಬೈದದ್ದಲ್ಲ ಎಂದು ತಿಳಿಯಲು ವರ್ಷ ಹಿಡಿಯಿತು.
ಸೀಸದ ಮೊಳೆಯಿಂದ ಏನೂ ಮೊಳೆಯುವುದಿಲ್ಲ
ಅನ್ನುತ್ತಿದ್ದ ನಮ್ಮ ಫೋರ್‌ಮನ್.

ನಲವತ್ತಮೂರು. ತೋಳಿಗೆ ಹಳದಿ ಪಟ್ಟಿ, ಕೈಗೆ ಗುದ್ದಲಿ.
ಪೂರ್ವದ ಯಾವುದೋ ರಸ್ತೆಗೆ ಕಲ್ಲು ಹೊರಲು ಒಯ್ದರು.
ಅಚ್ಚುಕೂಟದ ವಿಳಾಸಕ್ಕೆ ಒಂದು ಕಾರ್ಡು:
"ಕ್ಷೇಮ. ದೊಡ್ಡದಿದ್ದಾಗಲೂ ನಿಲ್ಲುತ್ತದೆ,"
ಎಷ್ಟರ ತನಕ ಎಂಬ ಅಂಕಿಯ ಮೇಲೆ ಸೆನ್ಸಾರಿನ ಮಸಿ.

ಮರಳಿದರು. ಹೆರ್ಮಿನಾ ಮರಳಲಿಲ್ಲ, ಅವರ ತಾಯಿಯೂ.
ಅಂಕಿ ಏನಿತ್ತು ಎಂದು ಕೇಳಿದೆ, ಬೇರೇನು ಕೇಳಲಿ.
ನೆನಪಿಲ್ಲ, ಅಂದರು. ಜ್ವರವಿತ್ತು.
ಈಗ ಖಾಲಿ ಕುರ್ಚಿಗಳು ಬೇಕಾದಷ್ಟು;
ಪ್ರೊಫೆಸರ್ ಮಾಡಿದರು.
ಐವತ್ತಾರರಲ್ಲಿ ಶಿಷ್ಯರು ಗಡಿ ದಾಟಿದರು,
ಒಬ್ಬ ಇವರ ನೋಟ್‌ಬುಕ್ಕನ್ನೂ ಒಯ್ದ.
ಅದರಲ್ಲಿ ಹದಿನಾರನೇ ಪುಟ ತಪ್ಪು, ಪಾಪ,
ಅವನಿಗೆ ಹೇಳುವವರು ಯಾರು, ಎಂದು ಇವರ ಚಿಂತೆ.

ಕೊನೆಯ ಚಳಿಗಾಲ ಆಸ್ಪತ್ರೆಯಲ್ಲಿ
ಹೊದಿಕೆಯ ಮೇಲೆ ಬೆರಳಿಂದ ಗೀಚುತ್ತಿದ್ದರು.
ಎದುರು ಕೂತ ನನಗೆ ತಲೆಕೆಳಗಾಗಿ ಕಾಣುತ್ತಿತ್ತು,
ಓದಲು ಕಷ್ಟವಾಗಲಿಲ್ಲ.
ಅರ್ಥ? ಅದು ಎಂದೂ ಆಗಿರಲಿಲ್ಲ.

ಈಗಲೂ ಯಾರಾದರೂ ಹುಡುಗರು ಬರುತ್ತಾರೆ,
ಪಾಲಿಂಕಾ ಕುಡಿದು, ಕಾರ್ಡನ್ನು ದೀಪಕ್ಕೆ ಹಿಡಿದು
ಮಸಿಯ ಹಿಂದೆ ಇಣುಕುತ್ತಾರೆ.
ಆ ಮೊಳೆ ನನ್ನ ಹೊಲಿಗೆ ಡಬ್ಬಿಯಲ್ಲಿದೆ, ಗುಂಡಿಗಳ ಜೊತೆ.
ತೆಗೆದು ಮೇಜಿನ ಮೇಲಿಟ್ಟರೆ ಅದರ ಕೊಕ್ಕು
ಒಂದು ದಿನ ಕಿಟಕಿಗೆ, ಒಂದು ದಿನ ಬಾಗಿಲಿಗೆ.
ನಾನು ತಿರುಗಿಸಲು ಹೋಗುವುದಿಲ್ಲ.